ಶನಿವಾರ ಆಟ, ಭಾನುವಾರ ಮೌನವ್ರತ

ನಾನು ಅಕೌಂಟ್ಸ್ ವಿಭಾಗದ ಮನುಷ್ಯ. ವೋಚರ್ ಇಲ್ಲದೆ ನಕ್ಕು ಅಭ್ಯಾಸವಿಲ್ಲ. ಇಂಥವನಿಗೆ ಮನೆಮಂದಿಯನ್ನೆಲ್ಲ ನಗಿಸುವ ಉಸಾಬರಿಯನ್ನು ಯಾರೂ ಒಪ್ಪಿಸಿರಲಿಲ್ಲ, ನಾನೇ ಮೈಮೇಲೆ ಎಳೆದುಕೊಂಡೆ. ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವುದೂ ವಾಟ್ಸಾಪಿನಲ್ಲೇ. ಹೆಂಡತಿ ಅಡುಗೆಮನೆಯಿಂದ ‘ಊಟ ರೆಡಿ’ ಎಂದು ಗ್ರೂಪಿಗೆ ಹಾಕುತ್ತಾಳೆ, ಪಕ್ಕದ ರೂಮಿನಿಂದ ಮಗಳು ಹೆಬ್ಬೆರಳೆತ್ತಿದ ಚಿತ್ರ ಕಳಿಸುತ್ತಾಳೆ, ಮಗ ನೋಡಿಯೂ ಸುಮ್ಮನಿರುತ್ತಾನೆ, ಸಾರು ಆರುತ್ತದೆ. ಹೀಗಿರುವಾಗ ಆಫೀಸಿನ ಸಹೋದ್ಯೋಗಿಯೊಬ್ಬ, ‘ನಮ್ಮನೇಲಿ ಪ್ರತಿ ಶನಿವಾರ ಗೇಮ್ ನೈಟ್ ಸಾರ್, ಮಕ್ಕಳು ಫೋನೇ ಮುಟ್ಟಲ್ಲ’ ಎಂದು ಟೀ ಕುಡಿಯುತ್ತಾ ಜಂಭ ಕೊಚ್ಚಿದ. ಅವನ ಮಕ್ಕಳು ಇನ್ನೂ ಯುಕೇಜಿ ವಯಸ್ಸಿನವರು ಅನ್ನುವುದನ್ನು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಂದು ಸಂಜೆಯೇ ಫ್ರಿಜ್ಜಿನ ಬಾಗಿಲ ಮೇಲೆ ಸುತ್ತೋಲೆ ಅಂಟಿತು. ‘ಪ್ರತಿ ಶನಿವಾರ ರಾತ್ರಿ 8ರಿಂದ 10ರವರೆಗೆ ಕುಟುಂಬದ ಆಟ. ಹಾಜರಿ ಕಡ್ಡಾಯ. ಮೊಬೈಲುಗಳನ್ನು ಅಕ್ಕಿ ಡಬ್ಬದಲ್ಲಿ ಇಡತಕ್ಕದ್ದು. ಎಲ್ಲರೂ ಖುಷಿಯಾಗಿರತಕ್ಕದ್ದು.’ ಕಾಲೇಜಿಗೆ ಹೋಗುವ ಮಗಳು ಕೊನೆಯ ಸಾಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ‘ಖುಷಿಯಾಗಿರದಿದ್ದರೆ ಫೈನ್ ಎಷ್ಟು?’ ಎಂದು ಬರೆದಳು. ಹೆಂಡತಿಯ ಆಕ್ಷೇಪಣೆ ಅದಕ್ಕೂ ಮೇಲಿನ ಸಾಲಿಗೆ. ‘ಅಕ್ಕಿ ಡಬ್ಬಕ್ಕಾ? ಟಾಯ್ಲೆಟ್ಟಿಗೂ ತಗೊಂಡು ಹೋಗೋ ಫೋನು ರೀ ಅವು!’ ಹಾಗಾಗಿ ಅಟ್ಟದ ಮೇಲಿದ್ದ ಹಳೇ ಇಡ್ಲಿ ಪಾತ್ರೆ ಕೆಳಗಿಳಿಯಿತು. ನಾಲ್ಕು ಫೋನುಗಳನ್ನೂ ಅದರೊಳಗೆ ನಿಲ್ಲಿಸಿ ಮುಚ್ಚಳ ಮುಚ್ಚಿ ಅಡುಗೆಮನೆ ಕಟ್ಟೆಯ ಮೇಲಿಟ್ಟೆವು. ಯಾರದಾದರೂ ಫೋನ್ ಬಂದರೆ ಪಾತ್ರೆ ಗುಂಯ್ ಎನ್ನುತ್ತಿತ್ತು, ಮಗ ಆ ಕಡೆ ಹೊರಳಿ ನೋಡುತ್ತಿದ್ದ, ನಾನು ಕಣ್ಣು ಬಿಡುತ್ತಿದ್ದೆ.

ಮೊದಲು ಇಳಿದದ್ದು ಬಿಸಿನೆಸ್ ಆಟ. ಆಟಕ್ಕೆ ಮುನ್ನ ಒಂದಿಷ್ಟು ಜ್ಞಾನವೂ ಸಿಗಲಿ ಎಂದು ನಾನು ಪೀಠಿಕೆ ಹಾಕಿದೆ. ಇದರ ಅಜ್ಜಿಯನ್ನು ಕಂಡುಹಿಡಿದದ್ದು ಲಿಜ್ಜಿ ಮೇಗಿ ಎಂಬ ಅಮೆರಿಕದ ಹೆಂಗಸು, 1904ರಲ್ಲಿ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ಹೆಸರಿನಲ್ಲಿ ಪೇಟೆಂಟ್ ಪಡೆದಳು. ಜಾಗವೆಲ್ಲ ಒಬ್ಬನ ಕೈಗೆ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ಜನರಿಗೆ ಮನವರಿಕೆ ಮಾಡುವುದು ಅವಳ ಉದ್ದೇಶ. ಎಲ್ಲರೂ ಉದ್ಧಾರವಾಗುವ ನಿಯಮಾವಳಿಯೊಂದು, ಒಬ್ಬನೇ ನುಂಗಿ ನೀರು ಕುಡಿಯುವ ನಿಯಮಾವಳಿಯೊಂದು, ಎರಡನ್ನೂ ಬರೆದಿಟ್ಟಿದ್ದಳು. ಜನ ಎರಡನೆಯದನ್ನೇ ಉಳಿಸಿಕೊಂಡರು. 1935ರಲ್ಲಿ ಅದು ‘ಮೊನಾಪಲಿ’ಯಾಗಿ ಅಂಗಡಿಗೆ ಬಂತು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮಗಳು ಆಕಳಿಸಿ, ‘ಅಪ್ಪಾ, ಇದು ಎಕ್ಸಾಮಿಗೆ ಬರುತ್ತಾ?’ ಎಂದಳು.

ಲಿಜ್ಜಿ ಮೇಗಿ ತೋರಿಸಬೇಕೆಂದಿದ್ದ ದುರ್ಗತಿಯನ್ನು ನನ್ನ ಹೆಂಡತಿ ಮುಕ್ಕಾಲು ಗಂಟೆಯಲ್ಲಿ ತೋರಿಸಿಕೊಟ್ಟಳು. ತರಕಾರಿಯವನ ಹತ್ತಿರ ಐದು ರೂಪಾಯಿಗೆ ಕೊಸರಾಡುವವಳು ಇಲ್ಲಿ ಸೈಟಿನ ಮೇಲೆ ಸೈಟು ಬರೆಸಿಕೊಂಡು ಹಸಿರು ಮನೆ, ಕೆಂಪು ಹೋಟೆಲು ಎಬ್ಬಿಸಿ ನಿಲ್ಲಿಸಿದಳು. ನನ್ನ ಕಾಯಿ ಅವಳ ಜಾಗಕ್ಕೆ ಕಾಲಿಟ್ಟಾಗ, ‘ಹತ್ತು ತಿಂಗಳ ಅಡ್ವಾನ್ಸು ತೆಗೀರಿ’ ಅಂದಳು.

‘ಆ ಥರ ರೂಲ್ಸೇ ಇಲ್ಲ’ ಎಂದು ನಾನು ಪುಸ್ತಕ ತೆಗೆದೆ.

‘ನಾವಿರೋದು ಬೆಂಗಳೂರಲ್ಲಿ. ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೋತೀನಿ, ಅದನ್ನೂ ಬರ್ಕೊಳ್ಳಿ.’

ನಿಜಜೀವನದಲ್ಲಿ ಕೆಳಗಿನ ಮನೆಯ ಓನರ್ ಮುಂದೆ ನಾವು ತಲೆಬಗ್ಗಿಸಿ ಒಪ್ಪಿಕೊಂಡಿದ್ದ ಷರತ್ತುಗಳೆಲ್ಲ ಒಂದೊಂದಾಗಿ ನನ್ನ ತಲೆಗೇ ಬಂದವು. ಕೊನೆಗೆ ಜೈಲಿಗೆ ಹೋಗುವ ಚೌಕ ಸಿಕ್ಕಿದಾಗ ನನಗೆ ಜೀವ ಬಂದ ಹಾಗಾಯಿತು. ಅಲ್ಲಿ ಬಾಡಿಗೆ ಇಲ್ಲ, ಮೇಂಟೆನೆನ್ಸ್ ಇಲ್ಲ. ಬಿಡುಗಡೆಯಾಗಲು ಅವಕಾಶ ಬಂದಾಗಲೂ ‘ಪರವಾಗಿಲ್ಲ, ಇಲ್ಲೇ ಇರ್ತೀನಿ’ ಅಂದೆ. ಇತ್ತ ಮಗ ಸಾಲ ಕೊಡದ ಅಕ್ಕನ ಮೇಲೆ ಮುನಿಸಿಕೊಂಡು ಎರಡು ಸಾವಿರದ ನೋಟೊಂದನ್ನು ಅರ್ಧಕ್ಕೆ ಹರಿದ. ಸುತ್ತೋಲೆಯ ಪ್ರಕಾರ ಆಗ ಎಲ್ಲರೂ ಖುಷಿಯಾಗಿರಬೇಕಿತ್ತು.

ಸರಿ, ಹಣದ ಆಟವೇ ಬೇಡ ಎಂದು ಯೂನೋ ತಂದೆ. ಅದಕ್ಕೂ ಒಂದು ಕಥೆ ಇತ್ತು, ನಾನು ಬಿಡಲಿಲ್ಲ. ಒಹಾಯೊದ ಮೆರ್ಲ್ ರಾಬಿನ್ಸ್ ಎಂಬ ಕ್ಷೌರಿಕ ‘ಕ್ರೇಜಿ ಎಯ್ಟ್ಸ್’ ಎಂಬ ಇಸ್ಪೀಟಾಟದ ನಿಯಮದ ಬಗ್ಗೆ ಮಗನ ಜೊತೆ ಜಗಳವಾಡಿ, ಆ ಜಗಳ ತೀರಿಸಲೆಂದೇ 1971ರಲ್ಲಿ ಯೂನೋ ಹುಟ್ಟಿಸಿದ. ಅಲ್ಲಿ ತೀರಿದ ಜಗಳ ಇಲ್ಲಿಗೆ ಬಡ್ಡಿ ಸಮೇತ ಬಂದು ಇಳಿಯಿತು. ಮಗ ‘ಎರಡು ಎತ್ಕೋ’ ಎಲೆ ಹಾಕಿದ. ಮಗಳು ಅದರ ಮೇಲೆ ಇನ್ನೊಂದು ಎರಡು ಹಾಕಿದಳು. ಹೆಂಡತಿ ಎರಡನ್ನೂ ನೋಡಿ ಮೆಲ್ಲಗೆ ನಾಲ್ಕು ಹಾಕಿದಳು. ಸರದಿ ನನ್ನದು, ಒಟ್ಟು ಎಂಟು. ನಾನು ಎದ್ದು ನಿಂತು, ಹೀಗೆ ಒಂದರ ಮೇಲೊಂದು ಪೇರಿಸುವ ಹಾಗಿಲ್ಲ, 2019ರಲ್ಲಿ ಯೂನೋದವರೇ ಟ್ವಿಟರಿನಲ್ಲಿ ಖಡಾಖಂಡಿತ ಹೇಳಿದ್ದಾರೆ ಎಂದು ವಾದ ಮಂಡಿಸಿದೆ.

‘ಅವರು ನಮ್ಮನೆಗೆ ಬಂದು ಆಡ್ತಾರಾ?’ ಎಂದಳು ಮಗಳು.

‘ಪ್ರೂಫ್ ತೋರಿಸ್ತೀನಿ, ಫೋನ್ ಕೊಡು.’

‘ಫೋನ್ ಇಡ್ಲಿ ಪಾತ್ರೇಲಿದೆ ಅಪ್ಪಾ. ನಿಮ್ಮದೇ ರೂಲ್ಸು.’

ಎಂಟು ಎಲೆ ಎತ್ತಿಕೊಂಡೆ. ಮಾರನೆಯ ದಿನ ಮನೆಯಲ್ಲಿ ಯಾರೂ ಯಾರೊಂದಿಗೂ ನೇರವಾಗಿ ಮಾತಾಡಲಿಲ್ಲ. ‘ನಿಮ್ಮಪ್ಪನಿಗೆ ಹೇಳು, ಕಾಫಿ ಆರ್ತಿದೆ’ ಎಂದು ಹೆಂಡತಿ ಮಗನಿಗೆ ಹೇಳುತ್ತಾಳೆ. ಮಗ ಮುನಿಸಿನಲ್ಲಿ ಇರುವುದರಿಂದ ಅದನ್ನು ಅಕ್ಕನಿಗೆ ದಾಟಿಸುತ್ತಾನೆ. ಅಕ್ಕ ನನಗೆ ವಾಟ್ಸಾಪ್ ಮಾಡುತ್ತಾಳೆ. ಮೊದಲಾದರೆ ಮೆಸೇಜು ನೇರವಾಗಿಯಾದರೂ ಬರುತ್ತಿತ್ತು.

ಎಲ್ಲರಿಗೂ ಖುಷಿಯಾಗಬೇಕಾದರೆ ಯಾರಾದರೊಬ್ಬರು ಸೋಲಲೇಬೇಕಲ್ಲ, ಆ ಒಬ್ಬ ನಾನೇ ಆಗಿಬಿಡೋಣ ಎಂಬ ಘನವಾದ ಯೋಚನೆ ಬಂದದ್ದು ಆಮೇಲೆ. ಕೇರಂ ಬೋರ್ಡಿನಲ್ಲಿ ಗುಳಿಯ ಬಾಯಲ್ಲೇ ಕೂತಿದ್ದ ಬಿಳಿಯನ್ನು ಬಿಟ್ಟು ಸ್ಟ್ರೈಕರನ್ನು ಗೋಡೆ ಕಡೆ ಹೊಡೆದೆ. ಕೆಂಪಿಗೆ ಗುರಿ ಇಟ್ಟ ಹಾಗೆ ಮಾಡಿ ಸ್ಟ್ರೈಕರನ್ನೇ ಗುಳಿಗೆ ಬೀಳಿಸಿ ದಂಡ ಕಟ್ಟಿದೆ. ಎಂಟನೇ ಕ್ಲಾಸಿನ ಮಗ ಕೂಡಲೇ ಪತ್ತೆ ಹಚ್ಚಿದ. ‘ಅಪ್ಪ ಬೇಕಂತಲೇ ಸೋಲ್ತಿದ್ದಾರೆ! ನಾನೇನು ಚಿಕ್ಕ ಮಗೂನಾ?’ ಎಂದು ಎದ್ದು ಹೋದ. ನಾನು ಸಮರ್ಥನೆಗೆ ಬಾಯಿ ತೆರೆಯುವ ಮೊದಲೇ ಹೆಂಡತಿ ಅವನನ್ನು ಸಮಾಧಾನ ಮಾಡಿದಳು. ‘ಇಲ್ಲ ಕಣೋ, ಅವರಿಗೆ ಬೇಕಂತ ಸೋಲೋ ಅವಶ್ಯಕತೆ ಎಲ್ಲಿದೆ? ಅವರು ಆಡೋದೇ ಹಾಗೆ.’ ಮಗ ನಂಬಿ ವಾಪಸ್ ಬಂದ. ಅದಾದ ಮೇಲೆ ನಾನು ಗೆಲ್ಲಲೇಬೇಕೆಂದು ಹಟ ಹಿಡಿದು ಆಡಿದೆ, ಆಗಲೂ ಸೋತೆ. ವ್ಯತ್ಯಾಸ ಯಾರಿಗೂ ಗೊತ್ತಾಗಲಿಲ್ಲ.

ಅಭಿಪ್ರಾಯ ಪತ್ರ ಹಂಚಿದ್ದೂ ಆಯಿತು. ‘ಇಂದಿನ ಆಟ ನಿಮಗೆ ಎಷ್ಟು ಖುಷಿ ಕೊಟ್ಟಿತು? ಹತ್ತಕ್ಕೆ ಅಂಕ ಕೊಡಿ’ ಎಂಬ ಕಲಮು ಅದರಲ್ಲಿತ್ತು. ಹೆಂಡತಿ ಅದರ ಹಿಂದುಗಡೆ ಹಾಲಿನವನ ಲೆಕ್ಕ ಬರೆದು ವಾಪಸ್ ಕೊಟ್ಟಳು.

ಇಷ್ಟರಲ್ಲಿ ಮೈಸೂರಿನಿಂದ ಅಮ್ಮ ಬಂದಳು. ಮೊಣಕಾಲು ನೋವು, ಇಲ್ಲೊಬ್ಬ ಡಾಕ್ಟರಿಗೆ ತೋರಿಸಬೇಕಿತ್ತು. ಶನಿವಾರ ರಾತ್ರಿ ಸೋಫಾದ ಮೇಲೆ ಕಾಲು ನೀಡಿಕೊಂಡು ಕೂತು ನಮ್ಮ ವ್ಯವಹಾರವನ್ನೆಲ್ಲ ನೋಡಿದಳು. ನಾನು ನಿಯಮ ಓದುವುದು, ಮಕ್ಕಳು ಮೂಗು ಮುರಿಯುವುದು, ಹೆಂಡತಿ ಗಡಿಯಾರ ನೋಡುವುದು. ‘ಇದೇನೋ ಇದು, ಆಟವೋ ಸೊಸೈಟಿ ಬ್ಯಾಂಕಿನ ಮೀಟಿಂಗೋ?’ ಎಂದು ಕೇಳಿ ತನ್ನ ಬ್ಯಾಗಿಗೆ ಕೈ ಹಾಕಿದಳು. ಚಟ್ನಿಪುಡಿ ಡಬ್ಬದ ಅಡಿಯಿಂದ ಹಳೇ ಬ್ಲೌಸ್ ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲ ಬಂತು. ಒಳಗೆ ನಾಲ್ಕು ಕವಡೆ, ಬಳಸಿ ಬಳಸಿ ಬೆನ್ನು ನುಣ್ಣಗಾಗಿ ಹಳದಿಗೆ ತಿರುಗಿದ್ದವು.

ಸೀಮೆಸುಣ್ಣ ಕೇಳಿದಳು. ಅಡ್ಡ ಐದು, ಉದ್ದ ಐದು, 25 ಮನೆ. ನಾಲ್ಕು ಅಂಚಿನ ಮಧ್ಯದ ಮನೆಗಳಿಗೂ, ಎಲ್ಲಕ್ಕೂ ನಡುವಿನ ನಡುಮನೆಗೂ ಕತ್ತರಿ ಗುರುತು. ಓನರ್ ಹೋದ ವರ್ಷ ಹಾಕಿಸಿದ ಹೊಸ ಟೈಲ್ಸಿನ ಮೇಲೆ ಅಮ್ಮ ಇದನ್ನೆಲ್ಲ ಗೀಚುವಾಗ ನನ್ನ ಎದೆ ಧಸಕ್ಕೆಂದಿತು, ಆದರೆ ಅಷ್ಟರಲ್ಲಿ ಅವಳು ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತಾಗಿತ್ತು. ಮೊಣಕಾಲು ನೋವಿನ ಮಾತೇ ಇಲ್ಲ. ಅಮ್ಮನಿಗೆ ಹುಣಸೆ ಬೀಜ, ಹೆಂಡತಿಗೆ ಬಳೆಚೂರು, ಮಗಳಿಗೆ ಶರಟಿನ ಗುಂಡಿ, ಮಗನಿಗೆ ಬಿಸಿನೆಸ್ ಆಟದ ಕೆಂಪು ಹೋಟೆಲುಗಳು, ತಲೆಗೆ ನಾಲ್ಕು ಕಾಯಿ. ಹೊರಸುತ್ತು ಮುಗಿಸಿ, ಒಳಸುತ್ತಿಗೆ ನುಗ್ಗಿ, ನಡುಮನೆಗೆ ಮುಟ್ಟಿದರೆ ಕಾಯಿ ಹಣ್ಣು. ಒಳಗೆ ನುಗ್ಗಬೇಕಾದರೆ ಯಾರದಾದರೂ ಒಂದು ಕಾಯನ್ನು ಕಡಿದಿರಬೇಕು. ಕವಡೆ ಬಾಯಿ ಮೇಲಾಗಿ ಎಷ್ಟು ಬಿದ್ದವೋ ಅಷ್ಟು ಮನೆ, ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಕೈ. ಪೀಠಿಕೆ ಅಷ್ಟೇ.

ನಾಲ್ಕು ಜನರ ಆಟದಲ್ಲಿ ನಾನು ಐದನೆಯವನು. ಹಾಗಾಗಿ ಅಂಪೈರ್ ಎಂದು ನನ್ನನ್ನು ನಾನೇ ನೇಮಿಸಿಕೊಂಡೆ. ಅಂಪೈರ್ ಕೆಲಸ ಸುಲಭವಾಗಿರಲಿಲ್ಲ. ಅಮ್ಮ ಕವಡೆಯನ್ನು ಎರಡು ಅಂಗೈ ನಡುವೆ ಉಜ್ಜಿ, ಒಂದು ಸಲ ಊದಿ, ಬಿಡುತ್ತಾಳೆ. ಬೇಕಾದದ್ದು ಬಿದ್ದರೆ ಆಟ, ಬೀಳದಿದ್ದರೆ ‘ಕೈಜಾರ್ತು, ಇದು ಲೆಕ್ಕಕ್ಕಿಲ್ಲ.’ ಸತತ ಮೂರು ಸಲ ಬಾರ ಬಿದ್ದರೆ ಮೂರೂ ಸುಟ್ಟು ಹೋಗಬೇಕು ಎಂದು ಅವಳೇ ಹೇಳಿದ್ದಳು. ಅವಳಿಗೇ ಬಿದ್ದಾಗ, ‘ಸುಡೋದು ಹಗಲು ಆಡಿದಾಗ ಕಣೋ, ರಾತ್ರಿ ಇಲ್ಲ’ ಎಂದಳು. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಹುಣಸೆ ಬೀಜವೊಂದು ಎರಡು ಮನೆ ಮುಂದೆ ಹೋದದ್ದನ್ನು ನಾನು ಕಣ್ಣಾರೆ ಕಂಡು ಎತ್ತಿ ತೋರಿಸಿದೆ.

‘ರೂಲ್ಸ್ ಒಂದು ಕಡೆ ಬರೆದಿಟ್ಟುಕೊಳ್ಳೋಣ ಅಮ್ಮಾ. ಮಹಾರಾಜರೇ ಬರೆಸಿಟ್ಟಿದ್ರು’ ಎಂದು ನಾನು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಾಕ್ಷಿಗೆ ಕರೆದೆ. ಮೈಸೂರಿನವಳಲ್ಲವೇ, ಅರಮನೆಯ ಹೆಸರು ಹೇಳಿದರೆ ಬಗ್ಗುತ್ತಾಳೆ ಎಂಬ ಲೆಕ್ಕ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಆ ದೊರೆಗೆ ನಾಡಿಗೆ ಕಾನೂನು ಮಾಡುವ ಕೆಲಸ ಉಳಿಯಲಿಲ್ಲ, ಆಟಗಳಿಗೆ ಮಾಡಿದರು. ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಮುಟ್ಟಿಸುವ ಬಂಧಗಳನ್ನು ಹೆಣೆದರು. ಅವರ ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಅವರ ಎಲೆಯಾಟಗಳಿವೆ, ಕೆಲವಕ್ಕೆ 300ಕ್ಕೂ ಮಿಕ್ಕಿ ಎಲೆ. ಇಸ್ಪೀಟಿನ 52 ಎಲೆ ಎಣಿಸುವುದರಲ್ಲೇ ಜಗಳ ಹತ್ತಿಸಿಕೊಳ್ಳುವ ನನಗೆ ಆ ಸಂಖ್ಯೆ ಕೇಳಿದರೇ ಗೌರವ.

ಅಮ್ಮ ಕವಡೆ ಉಜ್ಜುತ್ತಲೇ ಕೇಳಿಸಿಕೊಂಡಳು. ‘ಮಹಾರಾಜರ ಎದುರು ಕೂತು ಯಾರಪ್ಪಾ ಗೆಲ್ತಾರೆ? ಅವರಿಗೆ ಯಾವ ಆಟವಾದ್ರೂ ಖುಷೀನೇ. ನೀನು ಒಳಗೆ ಹೋಗಿ ಒಂದಿಷ್ಟು ಚುರುಮುರಿ ಕಲಸ್ಕೊಂಡು ಬಾ ಹೋಗು.’

ಅಂಪೈರನ್ನು ಮೈದಾನದಿಂದ ಆಚೆ ಹಾಕಿದ ಉದಾಹರಣೆ ಕ್ರಿಕೆಟ್ಟಿನಲ್ಲಿ ಇರಲಿಕ್ಕಿಲ್ಲ. ನಾನು ಈರುಳ್ಳಿ ಹೆಚ್ಚಲು ಕೂತೆ. ಹಾಲಿನಿಂದ ಗದ್ದಲ ಬರಲು ಶುರುವಾದದ್ದು ಆಗಲೇ. ‘ಕಡೀತೀನಿ ನೋಡು’, ‘ಅಜ್ಜೀ ಮೋಸ!’, ‘ಬಾರಾ! ಬಾರಾ!’ ನಡುವೆ ಒಂದು ಗಳಿಗೆ ಎಲ್ಲ ನಿಶ್ಶಬ್ದ. ಬಾಗಿಲಿಂದ ಇಣುಕಿದರೆ ನನ್ನ ಹೆಂಡತಿಯ ಬಳೆಚೂರು, ಹಣ್ಣಾಗಲು ನಾಲ್ಕೇ ಮನೆ ಇದ್ದ ಅಮ್ಮನ ಹುಣಸೆ ಬೀಜದ ಮೇಲೆ ಕೂತಿದೆ. ಅತ್ತೆಯ ಕಾಯನ್ನು ಸೊಸೆ ಕಡಿದಿದ್ದಾಳೆ. ನಮ್ಮ ಮದುವೆಯಾದಾಗಿನಿಂದ ಈ ಇಬ್ಬರ ನಡುವೆ ಉಪ್ಪು ಹೆಚ್ಚಾಯಿತು ಎಂಬ ಮಾತನ್ನೂ ನಾನು ನನ್ನದೇ ಅಭಿಪ್ರಾಯ ಎಂದು ಹೊತ್ತುಕೊಂಡು ಬಂದವನು. ಚಾಕು ಹಿಡಿದೇ ಹೊರಗೆ ಓಡಿದೆ.

‘ಕಡಿಯಮ್ಮಾ ಕಡಿ’ ಎಂದಳು ಅಮ್ಮ. ‘ಎಷ್ಟು ವರ್ಷದಿಂದ ಕಾಯ್ತಾ ಇದ್ದೆಯೋ ಏನೋ.’

‘ಇನ್ನೂ ಮೂರು ಕಾಯಿ ಬಾಕಿ ಇದೆ ಅತ್ತೆ’ ಎಂದಳು ಹೆಂಡತಿ.

ಮೂವರಲ್ಲ, ನಾಲ್ವರೂ ಬಿದ್ದು ಬಿದ್ದು ನಕ್ಕರು. ನಾನೂ ಸೇರಿಕೊಳ್ಳೋಣವೆಂದು ‘ಹ್ಹೆಹ್ಹೆ’ ಎಂದೆ. ನಗು ನಿಂತಿತು. ‘ಚುರುಮುರಿ ಆಯ್ತೇನ್ರೀ?’ ನಾನು ಅಡುಗೆಮನೆಗೆ ಮರಳಿದೆ, ನಗು ಮತ್ತೆ ಶುರುವಾಯಿತು. ಪರೀಕ್ಷೆಗೆಂದು ಲೋಟ ತರುವ ನೆಪದಲ್ಲಿ ಇನ್ನೊಂದು ಸಲ ಹೋಗಿ ಬಂದೆ. ಫಲಿತಾಂಶ ಅದೇ. ಲೆಕ್ಕ ತಾಳೆಯಾಯಿತು.

ಇಡ್ಲಿ ಪಾತ್ರೆ ಆವತ್ತು ಬಿಡದೆ ಗುಂಯ್‌ಗುಡುತ್ತಿತ್ತು. ನಿಂತು, ಮತ್ತೆ ಗುಂಯ್. ನಾನೇ ಬರೆದ ನಿಯಮ, ಮುಚ್ಚಳ ತೆಗೆಯಲಿಲ್ಲ. ಗಂಟೆ ಹನ್ನೊಂದಾಗುತ್ತಾ ಬಂದಾಗ ಬಾಗಿಲ ಬೆಲ್ ಆಯಿತು. ಓನರ್. ಲುಂಗಿ, ಬನಿಯನ್ನು, ಕೈಯಲ್ಲಿ ಫೋನು.

‘ಏನ್ ಸಾರ್, ಅಷ್ಟು ಸಲ ಫೋನ್ ಮಾಡಿದ್ರೂ ಎತ್ತಲ್ಲ! ಮೇಲೆ ಏನು ಗೋಲಿ ಆಡ್ತಾ ಇದೀರಾ? ಟಣಟಣ ಅಂತ ತಲೆ ಮೇಲೇ ಬೀಳ್ತಿದೆ!’

ಫೋನು ಇಡ್ಲಿ ಪಾತ್ರೆಯಲ್ಲಿದೆ ಎಂಬ ಸತ್ಯವನ್ನು ಬಾಡಿಗೆ ಕರಾರು ಮುಗಿಯಲು ಒಂದು ತಿಂಗಳಿರುವಾಗ ಹೇಳುವುದು ಹೇಗೆ? ನಾನು ತೊದಲುತ್ತಿದ್ದೆ. ಅವರ ದೃಷ್ಟಿ ನನ್ನ ಹೆಗಲಾಚೆ ಹೋಗಿ ಟೈಲ್ಸಿನ ಮೇಲಿನ ಸೀಮೆಸುಣ್ಣದ ಗೆರೆಗಳಿಗೆ ತಾಗಿತು. ಮುಗಿಯಿತು ಅಂದುಕೊಂಡೆ.

‘ಚೌಕಾಬಾರಾನಾ?’ ಎಂದರು. ದನಿಯೇ ಬೇರೆಯಾಗಿತ್ತು. ‘ನಮ್ಮೂರಲ್ಲಿ ಗದ್ದೆ ಕೆಲಸ ಮುಗೀತು ಅಂದ್ರೆ ದೇವಸ್ಥಾನದ ಕಟ್ಟೆ ಮೇಲೆ ಇದೇ. ಕಲ್ಲಲ್ಲೇ ಮನೆ ಕೆತ್ತಿಟ್ಟಿದ್ರು.’

‘ಬಾಪ್ಪಾ, ಕೂತ್ಕೋ’ ಎಂದಳು ಅಮ್ಮ. ‘ಈ ಹುಡುಗನಿಗೆ ನಿದ್ದೆ ಬಂದಿದೆ, ಅವನ ಹೋಟೆಲು ನೀನು ನಡೆಸು.’

ಓನರ್ ಲುಂಗಿ ಎತ್ತಿ ಕಟ್ಟಿ ಕೂತರು. ಕೂತ ಕೂಡಲೇ ‘ನಮ್ಮ ಕಡೆ ಜೋಡಿ ಕಾಯಿ ಕಡಿಯೋಕೆ ಜೋಡೀನೇ ಬೇಕು’ ಎಂದು ಹೊಸ ನಿಯಮ ತಂದರು. ಅಮ್ಮ ‘ನಮ್ಮತ್ತೆ ಮನೇಲಿ ಹಾಗಿರಲಿಲ್ಲ’ ಎಂದಳು. ಅರ್ಧ ಗಂಟೆ ಇಬ್ಬರೂ ಎದುರಾಳಿಯ ಕಾಯಿಗಿಂತ ಹೆಚ್ಚಾಗಿ ಎದುರಾಳಿಯ ಊರನ್ನು ಕಡಿದರು. ನಾನು ಕಾಫಿ ತಂದಿಟ್ಟೆ, ಯಾರೂ ತಲೆ ಎತ್ತಲಿಲ್ಲ.

ಆಟ ಕೊನೆಗೆ ಬಂತು. ಓನರ್‌ರ ಮೂರು ಕಾಯಿ ಹಣ್ಣು, ನಾಲ್ಕನೆಯದು ಒಳಸುತ್ತಿನಲ್ಲಿ ನಡುಮನೆಗೆ ಒಂದೇ ಹೆಜ್ಜೆ. ಅದಕ್ಕೆ ಸರಿಯಾಗಿ ಮೂರು ಮನೆ ಹಿಂದೆ ಅಮ್ಮನ ಹುಣಸೆ ಬೀಜ ಹೊಂಚು ಹಾಕಿ ಕೂತಿದೆ. ಸರದಿ ಅಮ್ಮನದು. ಮೂರು ಬಿದ್ದರೆ ಓನರ್ ಕಾಯಿ ಮೊದಲಿನ ಮನೆಗೆ. ನನ್ನ ಕಣ್ಣ ಮುಂದೆ ಹೊಸ ಅಗ್ರಿಮೆಂಟು ಬಂತು. ಅಮ್ಮನಿಗೆ ಮೆಲ್ಲಗೆ ಕಣ್ಣು ಹೊಡೆದೆ.

‘ಯಾಕೋ ಕಣ್ಣು ಹೊಡೀತೀಯ?’ ಎಂದಳು ಅಮ್ಮ, ಕೆಳಗಿನ ಮನೆಗೂ ಕೇಳಿಸುವಂತೆ. ‘ಓನರ್ ಕಾಯಿ ಕಡೀಬೇಡ ಅಂತಾನಾ?’

ಕವಡೆ ಬಿತ್ತು. ಮೂರು ಬಾಯಿ ಮೇಲೆ. ನಾಲ್ಕನೆಯದು ಗಿರಗಿರ ಉರುಳಿ ಸೋಫಾದ ಕೆಳಗೆ ಹೋಯಿತು. ಅದು ಬೋರಲಾಗಿದ್ದರೆ ಮೂರು. ಬಾಯಿ ಮೇಲಾಗಿದ್ದರೆ ಚೌಕ, ಓನರ್ ಬಚಾವ್. ‘ಮುಟ್ಟಬೇಡಿ, ಬಿದ್ದ ಹಾಗೇ ನೋಡಿ!’ ಎಂದು ಎಲ್ಲರೂ ಕೂಗಿದರು. ನಾನು ಹೊಟ್ಟೆಯ ಮೇಲೆ ಮಲಗಿ ಸೋಫಾದ ಕೆಳಗೆ ತೂರಿದೆ. ಪಕ್ಕದಲ್ಲಿ ಓನರ್ ಕೂಡ ಬಗ್ಗಿ ಫೋನಿನ ಟಾರ್ಚ್ ಹಾಕಲು ತಡಕಾಡುತ್ತಿದ್ದರು. ಧೂಳು, ಒಂದು ಪೆನ್ಸಿಲು, ಹರಿದ ಎರಡು ಸಾವಿರದ ಅರ್ಧ ನೋಟು, ಅದರ ಪಕ್ಕ ಕವಡೆ. ಬೋರಲು.

ಸರ್ವೀಸಿನಲ್ಲಿ ಒಂದು ಪೈಸೆ ಆಚೀಚೆ ಮಾಡದ ನನ್ನ ಬೆರಳು ಅದನ್ನು ಮೆಲ್ಲಗೆ ಮಗುಚಿತು. ‘ಚೌಕ!’ ಎಂದು ಅಲ್ಲಿಂದಲೇ ಕೂಗಿದೆ.

‘ಚೌಕ ಅಂದ್ರೆ ಇನ್ನೊಂದು ಕೈ’ ಎಂದಳು ಅಮ್ಮ. ನಾನು ಸೋಫಾದಿಂದ ಹೊರಗೆ ಬರುವಷ್ಟರಲ್ಲಿ ಬೇರೊಂದು ಬೀಜವನ್ನು ನಾಲ್ಕು ಮನೆ ನಡೆಸಿ, ಕವಡೆ ಊದಿ ಬಿಟ್ಟಿದ್ದಳು. ಮೂರು. ಅನುಮಾನಕ್ಕೆ ಎಡೆಯಿಲ್ಲದ, ಟೈಲ್ಸಿನ ನಟ್ಟನಡುವೆ ಬಿದ್ದ ಮೂರು. ಕೆಂಪು ಹೋಟೆಲನ್ನು ಎತ್ತಿ ಆಚೆ ಇಟ್ಟು, ಮುಂದಿನ ಕೈಯಲ್ಲೇ ತನ್ನ ಕಾಯನ್ನು ಹಣ್ಣು ಮಾಡಿದಳು.

ಓನರ್ ಎದ್ದು ಲುಂಗಿ ಕೊಡವಿಕೊಂಡರು. ಮುಖ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ. ‘ಅಗ್ರಿಮೆಂಟು ಮುಂದಿನ ತಿಂಗಳಲ್ವಾ ಸಾರ್?’

‘ಹೌದು ಸಾರ್.’

‘ಮಾತಾಡೋಣ. ಮುಂದಿನ ಶನಿವಾರ ಇನ್ನೊಂದಾಟ ಆಗ್ಲಿ ಅಮ್ಮಾ, ನಮ್ಮ ಮನೆಯವರನ್ನೂ ಕರ್ಕೊಂಡು ಬರ್ತೀನಿ’ ಎಂದು ಬಾಗಿಲ ತನಕ ಹೋದವರು ತಿರುಗಿ ನಿಂತರು. ‘ಒಂದೇ ಕಂಡೀಷನ್ನು. ನಿಮ್ಮ ಮಗ ಸೋಫಾ ಕೆಳಗೆ ಹೋಗೋ ಹಾಗಿಲ್ಲ. ಟಾರ್ಚು ನಾನು ಆಗಲೇ ಹಾಕಿದ್ದೆ.’